ಹಳೇ ಗಾಜಿನ ಬೀರು

ಹಳೆಯ ಗಾಜಿನ ಬೀರುವಿನ ಮುಂದೆ ನಿಂತು ತಲೆಯನ್ನು ಎರಡಿಂಚು ಪಕ್ಕಕ್ಕೆ ಸರಿಸಿ ನೋಡಿ. ಒಳಗಿಟ್ಟ ಪಿಂಗಾಣಿ ಬಟ್ಟಲಿನ ಅಂಚು ಸಣ್ಣಗೆ ಬಳುಕುತ್ತದೆ. ಗಂಧದ ಆನೆಯ ಸೊಂಡಿಲು ಕ್ಷಣಹೊತ್ತು ಉದ್ದವಾಗಿ ಮತ್ತೆ ಮೊದಲಿನಂತಾಗುತ್ತದೆ. ಹೊಸ ಶೋಕೇಸಿನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಗಾಜು ಇದೆಯೆಂದು ಗೊತ್ತಾಗುವುದೇ ಮೂಗು ತಾಗಿದಾಗ. ಹಳೆಯ ಬೀರು ಕೊಳ್ಳಲು ಹೋದವರು ಮರ ಯಾವುದು, ಕೆತ್ತನೆ ಕೈಯದೋ ಯಂತ್ರದ್ದೋ, ಹಿಡಿ ಹಿತ್ತಾಳೆಯದು ಹೌದೋ ಅಲ್ಲವೋ ಎಂದೆಲ್ಲ ವಿಚಾರಿಸುತ್ತಾರೆ. ಗಾಜಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಬೀರುವಿನ ಜೀವ ಇರುವುದೇ ಅದರಲ್ಲಿ. ಮರ ಎಷ್ಟೇ ಒಳ್ಳೆಯದಿರಲಿ, ಗಾಜು ಬದಲಾದ ಹಳೆಯ ಬೀರು ಅರ್ಧ ಬೀರು.

ಈ ಬಳುಕಿಗೆ ಕಾರಣ ಗಾಜು ಹುಟ್ಟಿದ ರೀತಿ. ಹಿಂದೆ ಗಾಜಿನ ಹಾಳೆ ಬೇಕೆಂದರೆ ಮೊದಲು ಊದಬೇಕಿತ್ತು. ಕೊಳವೆಯ ತುದಿಯಲ್ಲಿ ಕರಗಿದ ಗಾಜಿನ ಮುದ್ದೆ ಹಿಡಿದು, ಊದಿ, ಗರಗರ ತಿರುಗಿಸಿ ದೊಡ್ಡ ತಟ್ಟೆಯಂತೆ ಅಗಲ ಮಾಡುವುದು ಒಂದು ಬಗೆ. ಉದ್ದನೆಯ ಸಿಲಿಂಡರ್ ಊದಿ, ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಬಿಸಿ ಮಾಡಿ ಹಾಸುವುದು ಇನ್ನೊಂದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದು ನಿಂತ ಕ್ರಿಸ್ಟಲ್ ಪ್ಯಾಲೇಸಿಗೆ ಚಾನ್ಸ್ ಬ್ರದರ್ಸ್ ಕಂಪನಿ ಒದಗಿಸಿದ ಸುಮಾರು 3 ಲಕ್ಷ ಹಾಳೆಗಳು ಹೀಗೆ ಸಿಲಿಂಡರ್ ಊದಿ, ಸೀಳಿ ಮಾಡಿದವು. ಅಷ್ಟೂ ಮನುಷ್ಯರ ಉಸಿರು. 20ನೇ ಶತಮಾನದ ಆರಂಭದಲ್ಲಿ ಬೆಲ್ಜಿಯಂನ ಎಮಿಲ್ ಫುರ್ಕೋ ಕರಗಿದ ಗಾಜನ್ನು ಒಂದು ಸೀಳಿನ ಮೂಲಕ ಯಂತ್ರದಿಂದ ನೇರ ಮೇಲಕ್ಕೆ ಎಳೆಯುವ ವಿಧಾನ ಕಂಡುಹಿಡಿದ. ಊದುವವರ ಕೆಲಸ ಹೋಯಿತು, ಗಾಜು ಅಗ್ಗವಾಯಿತು, ಎಳೆದ ಗುರುತು ಮಾತ್ರ ಸಾಲು ಅಲೆಗಳಾಗಿ ಉಳಿದುಕೊಂಡಿತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ನುಣುಪು ಹಾಳೆ ತೆಗೆಯುವ ವಿಧಾನವನ್ನು ಜಗತ್ತಿಗೆ ಸಾರಿತು. ಅಲ್ಲಿಗೆ ಅಲೆಯೂ ಹೋಯಿತು. ಇವತ್ತು ನಮ್ಮ ಕಿಟಕಿ, ಮೇಜು, ಶೋಕೇಸು ಎಲ್ಲದರಲ್ಲೂ ಇರುವುದು ಈ ತೇಲಿಸಿದ ಗಾಜು. ದೋಷವಿಲ್ಲ, ಆದ್ದರಿಂದ ಮುಖವೂ ಇಲ್ಲ.

ಹಳೇ ಸಾಮಾನಿನ ಅಂಗಡಿಯವರು ಹೇಳುವ ಒಂದು ಮಾತನ್ನು ಇಲ್ಲೇ ಪಕ್ಕಕ್ಕಿಡಬೇಕು. ಗಾಜು ನಿಧಾನಕ್ಕೆ ಹರಿಯುವ ದ್ರವ, ನೂರು ವರ್ಷದಲ್ಲಿ ಕೆಳಕ್ಕೆ ಇಳಿದು ಬುಡದಲ್ಲಿ ದಪ್ಪವಾಗುತ್ತದೆ, ದಪ್ಪ ಇದ್ದಷ್ಟೂ ಹಳೆಯದು ಎನ್ನುತ್ತಾರೆ. ಸುಳ್ಳು. ಮನೆಯ ಬಿಸಿಲಿನಲ್ಲಿ, ಚಳಿಯಲ್ಲಿ ಗಾಜು ಹರಿಯುವುದಿಲ್ಲ. ಊದಿ ತಿರುಗಿಸಿದ ಹಾಳೆ ಹುಟ್ಟಿನಿಂದಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಭಾರದ ಕಡೆಯನ್ನು ಕೆಳಗೆ ಕೂರಿಸುವುದು ಕೂರಿಸುವವನ ಜಾಣತನ, ಅಷ್ಟೇ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಕಿಟಕಿಯದು. ಬೀರುವಿನ ಗಾಜಿನಲ್ಲಿ ಮೂಡಿದ ಕಿಟಕಿ ಸರಳುಗಳ ನೆರಳನ್ನು ನೋಡಬೇಕು. ಒಂದು ಬಾಗಿಲಲ್ಲಿ ಸರಳು ಸೊಟ್ಟಗೆ ತೂಗುತ್ತ, ಪಕ್ಕದ ಬಾಗಿಲಲ್ಲಿ ಗೆರೆ ಎಳೆದಂತೆ ನೆಟ್ಟಗಿದ್ದರೆ, ನೆಟ್ಟಗಿರುವ ಕಡೆಯ ಗಾಜು ಯಾವತ್ತೋ ಒಡೆದು ಹೊಸದು ಬಂದಿದೆ. ಯಾವುದೋ ಮನೆಯ ಮಕ್ಕಳು ನಡುಮನೆಯಲ್ಲಿ ಕ್ರಿಕೆಟ್ ಆಡಿರಬೇಕು. ಇನ್ನೂ ಹತ್ತಿರ ಹೋದರೆ ಗಾಜಿನ ಹೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಿಗುತ್ತವೆ. ಕುಲುಮೆಯ ಗಾಳಿ ಅಲ್ಲಿ ಸಿಕ್ಕಿಬಿದ್ದು ಅಂದಿನಿಂದ ಇಂದಿನವರೆಗೆ ಹೊರಗೆ ಬಂದಿಲ್ಲ.

ವಸ್ತುಗಳನ್ನು ಗಾಜಿನ ಹಿಂದಿಟ್ಟು ತೋರಿಸುವ ಚಟ ಯೂರೋಪಿನಲ್ಲಿ ಬೆಳೆದದ್ದು ಪಿಂಗಾಣಿಯ ಹುಚ್ಚಿನಿಂದ. 17ನೇ ಶತಮಾನದಲ್ಲಿ ಚೀನಾದಿಂದ ಹಡಗು ಹಡಗೇ ಪಿಂಗಾಣಿ ಬಂದಿಳಿಯುತ್ತಿತ್ತು. ಇಂಗ್ಲೆಂಡಿನ ರಾಣಿ ಎರಡನೇ ಮೇರಿ ಚೀನಾದ ಪಾತ್ರೆಗಳನ್ನೂ ಹಾಲೆಂಡಿನ ಡೆಲ್ಫ್ಟ್ ಪಾತ್ರೆಗಳನ್ನೂ ಗುಡ್ಡೆ ಹಾಕಿ, ಬಾಗಿಲ ನೆತ್ತಿ, ಅಗ್ಗಿಷ್ಟಿಕೆಯ ಮೇಲೆ ಎನ್ನದೆ ಜಾಗ ಸಿಕ್ಕಲ್ಲೆಲ್ಲ ಪೇರಿಸಿಟ್ಟಿದ್ದಳು. ಧೂಳು ಕೊಡವುವ ಆಳುಗಳ ಪಾಡನ್ನು ಯಾರೂ ಬರೆದಿಡಲಿಲ್ಲ. ಮುಂದೆ ಅಂಥ ಸಂಗ್ರಹಕ್ಕೆಂದೇ ಗಾಜಿನ ಬೀರುಗಳು ಬಂದವು; 1754ರಲ್ಲಿ ಥಾಮಸ್ ಚಿಪ್ಪೆಂಡೇಲ್ ಹೊರತಂದ ಪೀಠೋಪಕರಣಗಳ ನಕ್ಷೆ ಪುಸ್ತಕದಲ್ಲಿ ಪಿಂಗಾಣಿ ಬೀರುಗಳ ನಮೂನೆಗಳಿವೆ. ಆ ಕಾಲದ ಬಾಗಿಲುಗಳಲ್ಲಿ ಒಂದೇ ದೊಡ್ಡ ಗಾಜು ಕಾಣುವುದಿಲ್ಲ. ಅಂಗೈಯಗಲದ ತುಂಡುಗಳನ್ನು ತೆಳು ಮರದ ಪಟ್ಟಿಗಳಿಂದ ಹೆಣೆದಿರುತ್ತಾರೆ. ದೊಡ್ಡ ಹಾಳೆ ಎಟುಕದ ಬೆಲೆಯದು. ಸಾಲದ್ದಕ್ಕೆ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಇತ್ತು. 1845ರಲ್ಲಿ ಆ ತೆರಿಗೆ ಹೋಯಿತು. ಆದರೆ ಬಡತನದಿಂದ ಹುಟ್ಟಿದ ಪಟ್ಟಿ ಅಷ್ಟರಲ್ಲಿ ಅಂದವಾಗಿಬಿಟ್ಟಿತ್ತು. ವಜ್ರದ ಆಕಾರ, ಕಮಾನು, ಜೇನುಗೂಡು ಎಂದು ಬಡಗಿಗಳು ಇಡೀ ಗಾಜು ಸಿಗುವ ಕಾಲದಲ್ಲೂ ಅದನ್ನೇ ಮುಂದುವರಿಸಿದರು. ನಮ್ಮಲ್ಲಿ ಕಾಫಿ ತೋಟದ ಬಂಗಲೆಗಳಲ್ಲೂ ದಂಡು ಪ್ರದೇಶದ ಹಳೆಯ ಮನೆಗಳಲ್ಲೂ ಇಂಥ ಪಟ್ಟಿಯ ಬಾಗಿಲುಗಳು ಇನ್ನೂ ಕಣ್ಣಿಗೆ ಬೀಳುತ್ತವೆ.

ನಮ್ಮ ಕಡೆ ಬೀರು ಎಂದರೆ ತೇಗ, ಅನುಕೂಲಸ್ಥರಾದರೆ ಬೀಟೆ. ದಾಂಡೇಲಿಯ ತೇಗಕ್ಕೆ ಹೆಸರಿತ್ತು. ಅದಕ್ಕಿಂತ ಮೇಲಿನ ಪೀಠ ಬರ್ಮಾ ತೇಗಕ್ಕೆ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದ ಮೇಲೆ ಆ ಮರ ಹೊತ್ತು ತರುವ ಹಡಗುಗಳು ನಿಂತವು. ಹಾಗಾಗಿ ಒಳ್ಳೆಯ ಬರ್ಮಾ ತೇಗದ ಬೀರು ಕಂಡರೆ ಅದು 1930ರ ದಶಕದ್ದೋ ಅದಕ್ಕೂ ಹಿಂದಿನದೋ ಇರಬಹುದೆಂದು ಅಂದಾಜು ಮಾಡುತ್ತಾರೆ. 30ರ ದಶಕದವುಗಳ ಚಹರೆಯೇ ಬೇರೆ. ಬೊಂಬಾಯಿಯ ಮೆರೀನ್ ಡ್ರೈವಿನ ಕಟ್ಟಡಗಳಿಗೆ ಬಂದ ಆರ್ಟ್ ಡೆಕೊ ಗಾಳಿ ಬೀರುಗಳಿಗೂ ಬಡಿಯಿತು: ಮೂಲೆಗಳು ದುಂಡಗಾದವು, ನೆತ್ತಿ ಮೆಟ್ಟಿಲು ಮೆಟ್ಟಿಲಾಯಿತು, ಎರಡು ಬಾಗಿಲ ಹಿಡಿಗಳು ಸೇರಿ ಒಂದು ಪೂರ್ಣಚಂದ್ರವಾದವು. ಕೆಲವಕ್ಕೆ ಪಕ್ಕದ ಗಾಜೇ ಬಾಗಿರುತ್ತದೆ. ಅಚ್ಚಿನ ಮೇಲೆ ಗಾಜನ್ನಿಟ್ಟು, ಕುಲುಮೆಯಲ್ಲಿ ಕಾಯಿಸಿ, ತನ್ನ ಭಾರಕ್ಕೆ ತಾನೇ ಕುಸಿಯುವಂತೆ ಮಾಡಿ ಪಡೆದ ಬಾಗು ಅದು. ಅಂಥದ್ದು ಒಡೆದರೆ ಸಾಮಾನ್ಯ ಗಾಜಿನಂಗಡಿಯವರು ಅಳತೆ ತೆಗೆದುಕೊಳ್ಳುವ ಬದಲು ಕೈ ಮುಗಿಯುತ್ತಾರೆ.

ಮೈಸೂರಿನ ನಮ್ಮ ಸೋದರತ್ತೆಯ ಮನೆಯಲ್ಲಿ ಎರಡು ಬಾಗಿಲಿನದೊಂದು ಬೀರು ಇದೆ. ಹೆಸರುವಾಸಿ ಕಾರ್ಖಾನೆಯದಲ್ಲ, ಯಾರೋ ಆಚಾರರು ಮನೆಗೇ ಬಂದು ಕೂತು ಮಾಡಿಕೊಟ್ಟದ್ದು. ಬಾಗಿಲ ಚೌಕಟ್ಟಿನ ಮೂಲೆ ನೋಡಿದರೆ ಮೊಳೆ ಇಲ್ಲ. ಒಂದು ಪಟ್ಟಿಯ ತುದಿಯ ನಾಲಗೆ ಇನ್ನೊಂದರ ತೂತಿನೊಳಗೆ ಕೂತಿದೆ, ಅದನ್ನು ಹಿಡಿದಿಡಲು ಅಡ್ಡಲಾಗಿ ಬೆರಳ ಗಾತ್ರದ ಮರದ ಗೂಟ. ಮರ ವರ್ಷಗಳಿಂದ ಉಬ್ಬಿ ಕುಗ್ಗಿ, ಗೂಟದ ತಲೆ ಈಗ ಕೂದಲೆಳೆಯಷ್ಟು ಹೊರಗೆ ಬಂದಿದೆ. ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ. ಬೀಗದ ಕಣ್ಣಿನ ಸುತ್ತ ಹಿತ್ತಾಳೆ ಬಿಲ್ಲೆ, ಅದರ ಒಂದೇ ಪಕ್ಕ ಸವೆದು ಬೆಳ್ಳಗಾಗಿದೆ. ಬೀಗದ ಕೈ ಹಾಕುವಾಗ ಎಲ್ಲರ ಕೈಯೂ ಅಲ್ಲೇ ತಡವರಿಸುತ್ತದೆ. ಬಲಗಡೆ ಬಾಗಿಲು ತೆರೆಯಬೇಕಾದರೆ ಮೊದಲು ಎಡಗಡೆಯದನ್ನು ಮಂಡಿಯಿಂದ ಒತ್ತಬೇಕು, ಆಮೇಲೆ ಕೈ ತಿರುಗಿಸಬೇಕು. ಈ ಗುಟ್ಟು ಅತ್ತೆಗೆ ಮತ್ತು ಅವರ ಸೊಸೆಗೆ ಮಾತ್ರ ಗೊತ್ತು. ಬಾಗಿಲು ತೆರೆದ ಕೂಡಲೇ ಗಂಧ, ನುಸಿಗುಳಿಗೆ, ಹಳೆಯ ಪಾಲಿಶ್ ಮೂರೂ ಸೇರಿದ ವಾಸನೆ ಮುಖಕ್ಕೆ ಬರುತ್ತದೆ. ನಾವು ಚಿಕ್ಕವರಿದ್ದಾಗ ಆ ವಾಸನೆ ಬಂದರೆ ಓಡಿ ಬಂದು ನಿಲ್ಲುತ್ತಿದ್ದೆವು. ಅತ್ತೆ ತಿರುಗಿಯೂ ನೋಡದೆ, "ಕಣ್ಣಲ್ಲಿ ನೋಡ್ರೋ, ಕೈಯಲ್ಲಿ ನೋಡ್ಬೇಡಿ" ಎನ್ನುತ್ತಿದ್ದರು.

ಆ ಬೀರುವಿನ ಮೇಲಿನ ಹಲಗೆಯಲ್ಲಿ ಚನ್ನಪಟ್ಟಣದ ಬೊಂಬೆಗಳಿವೆ. ಇಲ್ಲೊಂದು ಸೊಗಸನ್ನು ಗಮನಿಸಬೇಕು. ಬೊಂಬೆಗೆ ಹೊಳಪು ಕೊಟ್ಟಿರುವುದು ಅರಗು: ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಮೈಗೆ ಹತ್ತುತ್ತದೆ. ಬೀರುವಿಗೆ ಹೊಳಪು ಕೊಟ್ಟಿರುವುದೂ ಅರಗೇ: ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ಪದರ ಪದರವಾಗಿ ಹಚ್ಚಿದ್ದು. ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಒಂದೇ ಜಾತಿಯ ಪುಟ್ಟ ಹುಳು ಒಳಗಿನ ಬೊಂಬೆಯನ್ನೂ ಹೊರಗಿನ ಮನೆಯನ್ನೂ ಮಿಂಚಿಸಿದೆ. ಅರಗಿನ ಹೊಳಪು ಮರದ ಒಳಗಿನಿಂದ ಬರುವಂತೆ ಕಾಣುತ್ತದೆ. ಈಗಿನ ಪಾಲಿಯುರೆಥೇನ್ ಹೊಳಪು ಮರದ ಮೇಲೆ ಕೂತಿರುತ್ತದೆ. ಮಿಠಾಯಿಗೆ ಸುತ್ತಿದ ಹಾಳೆಯ ಹಾಗೆ. ಅರಗಿಗೆ ಬಿಸಿ ಲೋಟ ತಾಗಿದರೆ ಬಿಳಿ ಬಳೆ ಮೂಡುತ್ತದೆ, ನೀರು ನಿಂತರೆ ಮಂಕಾಗುತ್ತದೆ, ನಿಜ. ಆದರೆ ಗಾಜಿನ ಬೀರುವಿನ ಮೇಲೆ ಕಾಫಿ ಲೋಟ ಇಡುವವರು ಬೀರು ಇಟ್ಟುಕೊಳ್ಳುವ ಗೋಜಿಗೆ ಹೋಗಬಾರದು.

ಒಳಗೆ ಏನಿಡಬೇಕು ಎಂಬುದಕ್ಕೆ ಶಾಸ್ತ್ರವಿಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ದಸರೆಯ ಪಟ್ಟದ ಬೊಂಬೆಗಳು ಹಬ್ಬ ಮುಗಿದ ಮೇಲೆ ಬಟ್ಟೆ ಸುತ್ತಿಕೊಂಡು ಟ್ರಂಕಿಗೆ ಹೋಗುತ್ತವೆ. ಕೆಲವು ಅದೃಷ್ಟವಂತ ಬೊಂಬೆ ದಂಪತಿಗಳಿಗೆ ವರ್ಷವಿಡೀ ಗಾಜಿನ ಹಿಂದೆ ವಾಸ. ಸಾಗರ, ಸೊರಬದ ಗುಡಿಗಾರರು ಕೆತ್ತಿದ ಗಂಧದ ಗಣಪತಿ, ಬೀದರಿನ ಬಿದ್ರಿ ಹೂಜಿ, ಕಪ್ಪು ಬೀಟೆಯಲ್ಲಿ ಬಿಳಿ ಕೂರಿಸಿದ ಮೈಸೂರಿನ ಆನೆ ಸಾಲು ಇರುತ್ತವೆ. ಇನ್ನು ಕೆಲವು ಹಳೆಯ ಮನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದೊಂದು ಸಿಗುತ್ತದೆ: ರವಿವರ್ಮನ ಚಿತ್ರಗಳನ್ನು ನೋಡಿ ಜರ್ಮನಿಯಲ್ಲಿ ಮಾಡಿ ಕಳಿಸಿದ ಪಿಂಗಾಣಿಯ ಲಕ್ಷ್ಮಿ, ಸರಸ್ವತಿ. ಕೆನ್ನೆ ಗುಲಾಬಿ, ಮೂಗು ಯೂರೋಪಿನದು, ಸೀರೆಯ ನೆರಿಗೆ ಮಾತ್ರ ಪಕ್ಕಾ ನಮ್ಮದು. ಇವುಗಳ ಜತೆಗೇ, ಕನ್ಯಾಕುಮಾರಿಯ ಶಂಖದ ದೀಪ, ಆಗ್ರಾದ ಅಂಗೈ ತಾಜಮಹಲು, ಮಗ ಎಂಟನೇ ಕ್ಲಾಸಿನಲ್ಲಿ ಗೆದ್ದ ಚರ್ಚಾಸ್ಪರ್ಧೆಯ ಕಪ್ಪು. ರಸಿಕರು ಇವನ್ನು ನೋಡಿ ಮುಖ ಕಿವುಚುತ್ತಾರೆ. ನಾನು ಕಿವುಚುವುದಿಲ್ಲ. ಬೀರು ಮ್ಯೂಸಿಯಂ ಅಲ್ಲ. ತಾಜಮಹಲು ಅಲ್ಲಿರುವುದು ಮನೆಯವರು ಒಮ್ಮೆ ಎಲ್ಲರೂ ಕೂಡಿ ರೈಲಿನಲ್ಲಿ ಹೋಗಿದ್ದರು ಎಂಬುದಕ್ಕೆ.

ನನ್ನ ತಕರಾರು ವಸ್ತುಗಳ ಮೇಲಲ್ಲ, ಬೆಳಕಿನ ಮೇಲೆ. ಇತ್ತೀಚೆಗೆ ಹಳೆಯ ಬೀರುಗಳಿಗೆ ಒಳಗಡೆ ಎಲ್‌ಇಡಿ ಪಟ್ಟಿ ಅಂಟಿಸುವುದು ರೂಢಿಯಾಗಿದೆ. ಸ್ವಿಚ್ ಒತ್ತಿದರೆ ಒಳಗಿನದೆಲ್ಲ ಒಮ್ಮೆಲೇ ಬೆಳ್ಳಗೆ ಬಯಲಾಗುತ್ತದೆ. ಬಿದ್ರಿಯ ಕಪ್ಪು ಬೂದಿಯಾಗುತ್ತದೆ, ಗಂಧದ ಕೆತ್ತನೆಯ ಆಳವೆಲ್ಲ ಮಾಯ. ಬೆಳಕು ಯಾವ ವಸ್ತುವಿಗೆ ಹೇಗೆ ಬೇಕು ಎಂಬುದು ದೊಡ್ಡವರಿಗೂ ಬಗೆಹರಿಯದ ಪ್ರಶ್ನೆ. 1851ರಲ್ಲಿ ಅದೇ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಪ್ರದರ್ಶನದಲ್ಲಿ ಕೊಹಿನೂರ್ ವಜ್ರವನ್ನು ಪಂಜರದಂಥ ಚಿನ್ನದ ಬಣ್ಣದ ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ನೂಕುನುಗ್ಗಲಲ್ಲಿ ನುಗ್ಗಿ ನೋಡಿದ ಜನ ಇಷ್ಟೇನಾ ಎಂದು ಹಿಂದಿರುಗಿದರು. ಅದು ಅವರು ಎಣಿಸಿದಂತೆ ಹೊಳೆಯಲೇ ಇಲ್ಲ. ಸುತ್ತ ಗ್ಯಾಸ್ ದೀಪ ಹಚ್ಚಿಟ್ಟು ನೋಡಿದರು, ಅಷ್ಟಕ್ಕಷ್ಟೇ. ಕೊನೆಗೆ 1852ರಲ್ಲಿ ವಜ್ರವನ್ನೇ ಹೊಸದಾಗಿ ಕತ್ತರಿಸಿದರು. ಸುಮಾರು 186 ಕ್ಯಾರೆಟ್ ಇದ್ದದ್ದು 106ರ ಆಸುಪಾಸಿಗೆ ಇಳಿಯಿತು. ಪೆಟ್ಟಿಗೆಗೂ ದೀಪಕ್ಕೂ ಒಗ್ಗಲಿಲ್ಲವೆಂದು ಕಲ್ಲನ್ನೇ ಕರಗಿಸಿದ ಕಥೆ ನೆನಪಾದಾಗಲೆಲ್ಲ ಎಲ್‌ಇಡಿ ಅಂಟಿಸುವವರ ಕೈ ಹಿಡಿಯೋಣ ಅನ್ನಿಸುತ್ತದೆ. ಬೀರುವಿಗೆ ಪಕ್ಕದ ಕಿಟಕಿಯ ಬೆಳಕು ಸಾಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನ ಹಲಗೆ ಎದ್ದು ಕಾಣುತ್ತದೆ, ಸಂಜೆ ನಾಲ್ಕಕ್ಕೆ ಕೆಳಗಿನದು. ದಿನವಿಡೀ ಎಲ್ಲವನ್ನೂ ನೋಡಬೇಕೆಂಬ ಹಟ ಯಾಕೆ? ನೇರ ಬಿಸಿಲು ಮಾತ್ರ ಬೇಡ, ಬೊಂಬೆಗಳ ಬಣ್ಣ ಬಿಟ್ಟುಕೊಳ್ಳುತ್ತದೆ.

70ರ, 80ರ ದಶಕದ ಗೋಡೆ ಶೋಕೇಸನ್ನು ಇಲ್ಲಿ ಮರೆತರೆ ಅನ್ಯಾಯ. ನಡುಮನೆಗೂ ಊಟದ ಮನೆಗೂ ನಡುವಿನ ಗೋಡೆಯಲ್ಲೇ ಗೂಡು ಬಿಟ್ಟು, ಸನ್‌ಮೈಕಾ ಅಂಟಿಸಿ, ಅಲ್ಯೂಮಿನಿಯಂ ಹಳಿಯಲ್ಲಿ ಎರಡು ಗಾಜು ಓಡಾಡುವಂತೆ ಮಾಡಿದ್ದು. ಗಾಜು ಸರಿಸಲು ಬೆರಳಿಡುವಷ್ಟು ತಗ್ಗು ಕೊರೆದಿರುತ್ತಿದ್ದರು. ಅದರ ಚೆಲುವಿನ ಬಗ್ಗೆ ವಾದ ಮಾಡಲಾರೆ. ಆದರೆ ಎರಡೂ ಕೋಣೆಯಿಂದ ನೋಡಬಹುದಾದ್ದರಿಂದ ಬೊಂಬೆಗಳ ಬೆನ್ನನ್ನೂ ನೋಡಿ ಬೆಳೆದ ಪೀಳಿಗೆ ಅದೊಂದೇ. ಊಟಕ್ಕೆ ಕೂತಾಗ ನನಗೆ ಸದಾ ಕಾಣುತ್ತಿದ್ದದ್ದು ಒಬ್ಬ ನರ್ತಕಿಯ ಜಡೆ.

ಇಟ್ಟುಕೊಳ್ಳುವುದರಲ್ಲಿ ಒಂದಷ್ಟು ವಿವೇಕ ಬೇಕು. ಮರ ಉಸಿರಾಡುತ್ತದೆ, ಆ ಉಸಿರಿನಲ್ಲಿ ಸಣ್ಣಗೆ ಹುಳಿ ಇರುತ್ತದೆ. ಯೂರೋಪಿನ ಓಕ್ ಬೀರುಗಳಲ್ಲಿ ಕಪ್ಪೆಚಿಪ್ಪು, ಕವಡೆ ಸಂಗ್ರಹಿಸಿದವರು ಅವುಗಳ ಮೇಲೆ ಬಿಳಿ ಹಿಟ್ಟು ಮೂಡುವುದನ್ನು ಕಂಡು ರೋಗವೆಂದೇ ಬಗೆದಿದ್ದರು. ಮರದಿಂದ ಹೊರಟ ಆಮ್ಲ ಚಿಪ್ಪಿನ ಸುಣ್ಣವನ್ನು ತಿನ್ನುತ್ತಿತ್ತು. ಹಾಗಾಗಿ ವಾರಕ್ಕೊಮ್ಮೆಯಾದರೂ ಬಾಗಿಲು ತೆರೆದು ಗಾಳಿಯಾಡಿಸುವ ಅತ್ತೆಯ ಪದ್ಧತಿ ಸರಿಯಾದದ್ದೇ. ಬೆಳ್ಳಿಯ ಪಕ್ಕ ಸೀಮೆಸುಣ್ಣ ಇಡುವುದೂ ಸರಿ, ತೇವ ಹೀರಿಕೊಳ್ಳುತ್ತದೆ. ಬಿದ್ರಿಗೆ ಮಾತ್ರ ಹಿತ್ತಾಳೆ ತಿಕ್ಕುವ ಪಾಲಿಶ್ ತೋರಿಸಲೇಬಾರದು. ಸತು ತಾಮ್ರದ ಆ ಮೈಗೆ ಕಪ್ಪು ಬಂದಿರುವುದು ಬೀದರ್ ಕೋಟೆಯ ಮಣ್ಣಿನ ಉಪಚಾರದಿಂದ. ತಿಕ್ಕಿದರೆ ಕಪ್ಪೂ ಹೋಗುತ್ತದೆ, ಬೆಳ್ಳಿಯ ಬಳ್ಳಿ ಅನಾಥವಾಗುತ್ತದೆ. ಇನ್ನು ಗಾಜು ಒರೆಸುವುದು: ಸ್ಪ್ರೇ ಬೇಡ. ಅದು ಅಂಚಿಗಿಳಿದು ಪುಟ್ಟಿ, ಅರಗು ಎರಡನ್ನೂ ಕೆಡಿಸುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣ ಬಟ್ಟೆ ಹಿಡಿದರೆ ಮುಗಿಯಿತು.

ಕೊಳ್ಳುವವರಿಗೆ ಬೆಂಗಳೂರಿನ ಶಿವಾಜಿನಗರ ಇದೆ. ಇನ್ನೂ ದೂರ ಹೋಗುವ ಉಮೇದು ಇದ್ದರೆ ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ. ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿಯ ಅಂಗಡಿಗಳಲ್ಲಿ ಚೆಟ್ಟಿಯಾರರ ಮಾಳಿಗೆ ಮನೆಗಳಿಂದ ಬಂದ ಬರ್ಮಾ ತೇಗದ ಬೀರುಗಳು ಸಾಲಾಗಿ ನಿಂತಿರುತ್ತವೆ. ಬರ್ಮಾದ ಲೇವಾದೇವಿಯಿಂದ ಎದ್ದ ಮನೆಗಳು ಅವು; ಆ ವ್ಯವಹಾರ ಮುಳುಗಿದ ಮೇಲೆ ಬಾಗಿಲು, ಕಂಬ, ಬೀರು, ಎನಾಮೆಲ್ ಪಾತ್ರೆ ಎಲ್ಲ ಒಂದೊಂದಾಗಿ ಬೀದಿಗೆ ಬಂದವು. ಕಾನೂನಿನ ಮಾತೂ ಇದೆ. ನೂರು ವರ್ಷ ದಾಟಿದ ಕುಸುರಿ ವಸ್ತು 1972ರ ಪುರಾತನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದ ಮಗಳ ಮನೆಗೆ ಅಜ್ಜಿಯ ಬೀರು ಕಳಿಸುವ ಆಸೆ ಇರುವವರು ಇದನ್ನು ಮೊದಲೇ ತಿಳಿದಿರಬೇಕು. ಬೀಟೆಯದಾದರೆ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ತಕರಾರು ಬೇರೆ, 2017ರಿಂದ. ಒಳಗಿನ ಸಾಮಾನಿನಲ್ಲಿ ದಂತ ಇದ್ದರೆ, ಎಷ್ಟೇ ಹಳೆಯದಾದರೂ ಮಾರುವ ಕೊಳ್ಳುವ ಮಾತೇ ಎತ್ತಬಾರದು.

ಅಂಗಡಿಯಲ್ಲಿ ಗಾಜು ನೋಡಿ ಮನಸೋತ ಮೇಲೆ ಬೀರುವಿನ ಬೆನ್ನು ನೋಡಿ. ಬೆನ್ನಿಗೆ ಪ್ಲೈವುಡ್ ಹೊಡೆದಿದ್ದರೆ ಮುಂದಿನ ಮಾತು ಎಚ್ಚರಿಕೆಯಿಂದ ಆಡಿ. ತಿರುಪುಗಳ ತಲೆ ನೋಡಿ. ಹಳೆಯವುಗಳಲ್ಲಿ ಒಂದೇ ಗೀರು ಇರುತ್ತದೆ, ಕೂಡು ಗುರುತಿನ ತಿರುಪು ಕಂಡರೆ ಅಲ್ಲಿ ಯಾರೋ ಇತ್ತೀಚೆಗೆ ಕೈಯಾಡಿಸಿದ್ದಾರೆ. ಕೊನೆಗೆ, ಎಲ್ಲರೂ ಬಿಟ್ಟುಬಿಡುವ ಜಾಗ: ಗಾಜಿನ ಕೆಳಗೆ ಮರದ ಬಾಗಿಲಿನದೊಂದು ಖಾನೆ ಇರುತ್ತದಲ್ಲ, ಅದು. ಮೇಲೆ ತೋರಿಸಲಾಗದ್ದೆಲ್ಲ ಅಲ್ಲಿ ತುಂಬಿರುತ್ತಿತ್ತು: ಹಳೇ ರಸೀತಿ, ಹುರಿ, ಗೋಂದು ಹಚ್ಚಲೆಂದು ಎತ್ತಿಟ್ಟ ಬಟ್ಟಲ ಕಿವಿ. ಅಂಗಡಿಯವರು ಅದನ್ನು ತೆರೆಯಲು ಹಿಂಜರಿದರೆ ನೀವೇ ತೆರೆದು, ಬಗ್ಗಿ, ಮೂಸಿ ನೋಡಿ. ಬರೀ ಮರದ ವಾಸನೆ ಬಂದರೆ ಚೌಕಾಸಿ ಶುರು ಮಾಡಬಹುದು. ಸೀಮೆಎಣ್ಣೆ ವಾಸನೆ ಬಂದರೆ ಗೆದ್ದಲಿಗೆ ಔಷಧ ಹೊಡೆದಿದ್ದಾರೆ; ಕಾಲುಗಳನ್ನು ನಾಲ್ಕೂ ಕಡೆಯಿಂದ ತಟ್ಟಿ ನೋಡದೆ ಬೆಲೆ ಕೇಳಬೇಡಿ.